ಹೊಂಡದ ಪಾರ್ಕಿನ ಗೇಟು

ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ ಮಾಯಣ್ಣನವರು ಜೇಬಿನಿಂದ ಸೀಟಿ ತೆಗೆದು ಊದುತ್ತಿದ್ದರು. ಬಸವನಗುಡಿಯ ಹೊಂಡದ ಪಾರ್ಕಿನಲ್ಲಿ ಆ ಹೊತ್ತಿಗೆ ಯಾರೇ ಇದ್ದರೂ ಎದ್ದು ಹೊರಗೆ ಹೋಗಬೇಕು. ಮತ್ತೆ ಗೇಟು ತೆಗೆಯುವುದು ಸಂಜೆ ನಾಲ್ಕಕ್ಕೆ. ಹಾಗಂತ ಸರ್ಕಾರದವರೇನೂ ಹೇಳಿರಲಿಲ್ಲ. ಹೇಳಿದ್ದು ನಡಿಗೆದಾರರ ಸಂಘ, ಸಂಘವೆಂದರೆ ಅಧ್ಯಕ್ಷರು, ಅಧ್ಯಕ್ಷರೆಂದರೆ ಮಾಯಣ್ಣ. ವಾಚ್‌ಮನ್ ಒಬ್ಬನಿದ್ದ, ಆದರೆ ಅವನು ಊದಿದರೆ ಗತ್ತು ಬರುವುದಿಲ್ಲ ಎಂದು ಇವರೇ ಊದುತ್ತಿದ್ದರು. ನಾಲ್ಕು ಬಿಲ್ಡಿಂಗಿನ ಬಾಡಿಗೆ ಬರುವ, ಅರವತ್ತೇಳು ದಾಟಿದ ಮನುಷ್ಯನಿಗೆ ಈ ಉಸಾಬರಿ ಬೇಕಿತ್ತೇ ಎಂದು ನೀವು ಕೇಳಬಹುದು. ಬೇಕಿತ್ತು ಸ್ವಾಮಿ. ಜನರನ್ನು ಹೊರಗೆ ಅಟ್ಟುವುದರಲ್ಲಿರುವ ಸುಖ ಬಾಡಿಗೆಯಲ್ಲಿ ಎಲ್ಲಿಂದ ಬರಬೇಕು?

ಈ ಲೋಕದಲ್ಲಿ ಮಾಯಣ್ಣನವರಿಗೆ ಹಿಡಿಸಿದ ಮನುಷ್ಯ ಒಬ್ಬನೇ. ಅವನನ್ನು ಅವರು ದಿನಾ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದರು. ಮಿಕ್ಕವರೆಲ್ಲ ಕಸ. ಪಾರ್ಕಿನ ನಡುವೆ ಬಟ್ಟಲಿನ ಹಾಗೆ ತಗ್ಗಾದ ದೊಡ್ಡ ಹೊಂಡವಿದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಗೆಯಲ್ಲಿ ಗಟ್ಟಿ ನೆಲ. ಭಾನುವಾರ ಅಕ್ಕಿಪೇಟೆಯಿಂದ ಮೂಟೆ ಹೊರುವವರು ಬಂದು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮಾಯಣ್ಣನವರ ಪ್ರಕಾರ ಅವರೆಲ್ಲ ರೌಡಿಗಳು. ಮೊಳದುದ್ದದ ಕ್ಯಾಮೆರಾ ಹಿಡಿದು ಕೊಕ್ಕರೆಯ ಮುಂದೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವ ಅಮರ್ ತಲೆಕೆಟ್ಟವನು. ಸ್ವಂತ ಸಂಘದ ಸದಸ್ಯರೂ ಬಚಾವಾಗಿರಲಿಲ್ಲ. ಎರಡು ಸುತ್ತು ನಡೆದು ಮೂರು ವಡೆ ತಿನ್ನುವ ಹೊಟ್ಟೆಗಳು ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು.

ಆ ದಿನವೂ ಸೀಟಿ ಊದಿ ಎಲ್ಲರನ್ನೂ ಅಟ್ಟಿ ಗೇಟು ಎಳೆಯುವಾಗ, ಸುತ್ತಲಿನ ರಸ್ತೆ ಗುಡಿಸುವ ಹೆಂಗಸು ಟಿಫನ್ ಡಬ್ಬಿ ಹಿಡಿದು ಬಂದು ನಿಂತಳು. ಪಾರ್ಕಿನೊಳಗೆ ನೆರಳಿತ್ತು, ನಲ್ಲಿಯಿತ್ತು, ಶೌಚಾಲಯವೂ ಇತ್ತು.

"ಏಯ್, ಟೈಮ್ ಆಯ್ತು," ಎಂದು ಮಾಯಣ್ಣ ಗಡಿಯಾರ ತೋರಿಸಿದರು. ಅವಳು ಹಿಂದಿರುಗಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಫುಟ್‌ಪಾತ್ ಮೇಲೆ ಕೂತು ಚಿತ್ರಾನ್ನ ತಿಂದಳು. ಇದು ಹೊಸದೇನಲ್ಲ, ಒಂಬತ್ತು ವರ್ಷದಿಂದ ನಡೆದುಬಂದದ್ದು. ಅವಳ ಹೆಸರು ಸಿದ್ದಮ್ಮ ಎಂಬುದು ಮಾಯಣ್ಣನವರಿಗೆ ಗೊತ್ತಿರಲಿಲ್ಲ.

ಗೇಟು ಮಾತ್ರ ಅವರಿಗೆ ಇಂಚಿಂಚೂ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಅಲ್ಲಿದ್ದ ಮುರುಕು ತಂತಿಬೇಲಿ ಕೀಳಿಸಿ, ಸ್ವಂತ ದುಡ್ಡಿನಲ್ಲಿ ಮಾಡಿಸಿದ್ದು. ಎಂಟಡಿ ಎತ್ತರ, ತುದಿಗೆ ಭರ್ಜಿಯಂಥ ಮೊನೆಗಳು, ಪಾರ್ಕಿನ ಸುತ್ತಲೂ ಅದೇ ನಮೂನೆಯ ಕಬ್ಬಿಣದ ಬೇಲಿ. ಗೇಟಿನ ಮೇಲಿನ ಕಮಾನಿನಲ್ಲಿ ಹಿತ್ತಾಳೆ ಅಕ್ಷರ: 'ತೋಟದ ಮುನಿಹನುಮಪ್ಪನವರ ಸ್ಮರಣಾರ್ಥ'. ತೀರಿಹೋದ ತಂದೆಯ ಹೆಸರಿನ ಕೆಳಗೆ ದಿನಾ ನಿಂತು ಜನರನ್ನು ಹೊರಗೆ ಕಳಿಸುವಾಗ ಮಾಯಣ್ಣನವರಿಗೆ ಎದೆ ಉಬ್ಬುತ್ತಿತ್ತು.

ಹೀಗಿರುವಾಗ ಪಾರ್ಕಿಗೆ ನೂರು ವರ್ಷವಾಯಿತು, ಕಟ್ಟಿದವರು ಹೇಗೆ ರೂಪಿಸಿದ್ದರೋ ಆ ರೂಪಕ್ಕೆ ತರಬೇಕು ಎಂದು ಪಾಲಿಕೆಯಲ್ಲಿ ತೀರ್ಮಾನವಾಯಿತು. ತೋಟಗಾರಿಕೆ ವಿಭಾಗದ ಧನುಶ್ರೀ ಎಂಬ ಅಧಿಕಾರಿ ಬಂದು, ಪಾರ್ಕಿನ ಬ್ಯಾಂಡ್ ಮಂಟಪದಲ್ಲೇ ಸಭೆ ಕರೆದರು. ಮೂವತ್ತು ದಾಟಿರದ ಹೆಣ್ಣುಮಗಳು, ಕಾಲಿಗೆ ಕ್ಯಾನ್ವಾಸ್ ಬೂಟು. ಇವಳೇನು ಮಾಡಿಯಾಳು ಎಂದು ಮಾಯಣ್ಣ ಮೂಗು ಮುರಿದರು.

ಸಭೆಯಲ್ಲಿ ಎಲ್ಲರಿಗೂ ಬೇಕಾಗಿದ್ದು ಆ ಹೊಂಡವೇ. ಕ್ರಿಕೆಟ್ಟಿನವರ ಕ್ಯಾಪ್ಟನ್ ನಿತೀಶ್, ಹೊಂಡವನ್ನು ಮಟ್ಟ ಮಾಡಿ ಒಂದು ಪಿಚ್ ಹಾಕಿಕೊಡಿ ಎಂದ. ವಾರದಲ್ಲಿ ಆರು ದಿನ ಅಕ್ಕಿ ಮೂಟೆ ಹೊರುತ್ತೇವೆ, ಒಂದು ದಿನ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬರುತ್ತೇವೆ, ಊರಲ್ಲಿರುವ ಮೈದಾನಗಳೆಲ್ಲ ಬಾಡಿಗೆಗೆ ಹೋಗಿವೆ, ನಾವೆಲ್ಲಿ ಆಡೋಣ ಎಂಬುದು ಅವನ ಪ್ರಶ್ನೆ. ಅಮರ್ ಎದ್ದು ಅದನ್ನು ಮುಚ್ಚಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದ. ಮಳೆಗಾಲದಲ್ಲಿ ಅಲ್ಲಿಗೆ ನಲವತ್ತು ಜಾತಿಯ ಹಕ್ಕಿ ಬರುತ್ತವಂತೆ, ಕಪ್ಪೆ ಮೊಟ್ಟೆಯಿಡುತ್ತವಂತೆ. ವರ್ಷವಿಡೀ ನೀರು ನಿಲ್ಲಿಸಿ, ಸುತ್ತ ತಂತಿ ಹಾಕಿ, ಯಾರನ್ನೂ ಬಿಡಬಾರದಂತೆ. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಹಾಗಾಗಿಯೇ ಇಬ್ಬರೂ ಕತ್ತಿನ ಪಟ್ಟಿ ಹಿಡಿಯುವ ಮಟ್ಟಕ್ಕೆ ಹೋದರು.

ಮಾಯಣ್ಣ ಮೀಸೆಯಡಿ ನಕ್ಕರು. ಮೂಟೆಯವನಿಗೆ ಮೈದಾನ, ಕೊಕ್ಕರೆಗೆ ಕೆರೆ, ನಡೆಯುವ ನಮ್ಮ ಕೈಗೆ ಚಿಪ್ಪು! ಇವರಿಬ್ಬರನ್ನೂ ಒಂದೇ ಏಟಿಗೆ ಹೊರಗೆ ಹಾಕುವ ಉಪಾಯ ಅವರಿಗೆ ಹೊಳೆಯಿತು. ಎದ್ದು ನಿಂತು, ಇದು ರಾಜರ ಕಾಲದ ಪಾರ್ಕು, ಆಗ ಹೇಗಿತ್ತೋ ಹಾಗೇ ಆಗಬೇಕು, ಒಂದಿಂಚೂ ಆಚೀಚೆ ಆಗಕೂಡದು ಎಂದರು. ಮರುದಿನವೇ ಛಾಪಾ ಕಾಗದದಲ್ಲಿ ಅದನ್ನು ಟೈಪು ಮಾಡಿಸಿ, ಬೆಳಿಗ್ಗೆ ಬೈಟೂ ಕಾಫಿ ಕುಡಿಯುವವರ ಮುಂದೆ ಹಿಡಿದು, ಒಂದು ವಾರದಲ್ಲಿ ನಾನೂರಕ್ಕೂ ಹೆಚ್ಚು ಸಹಿ ಹಾಕಿಸಿದರು. ರಾಜರ ಹೆಸರು ಹೇಳಿದರೆ ಬಸವನಗುಡಿಯಲ್ಲಿ ಯಾರು ತಾನೇ ಓದಿ ನೋಡಿ ಸಹಿ ಹಾಕುತ್ತಾರೆ? ನಿತೀಶನೂ ಹಾಕಿದ, ಅಮರನೂ ಹಾಕಿದ. ಮೊದಲ ಸಹಿ ಮಾತ್ರ ಮಾಯಣ್ಣನವರದೇ, ಅರ್ಧ ಪುಟದಷ್ಟು ದೊಡ್ಡದು.

ರಾಜರ ಕಾಲದಲ್ಲಿ ಪಾರ್ಕು ಹೇಗಿತ್ತು ಎಂದು ಅವರು ಯಾರನ್ನೂ ಕೇಳಿರಲಿಲ್ಲ. ಕೇಳುವುದೇನು? ಜರಿಪೇಟದ ದೊಡ್ಡ ಮನುಷ್ಯರು, ಕೈಯಲ್ಲಿ ಬೆಳ್ಳಿಕಟ್ಟಿನ ಕೋಲು, ಮಂಟಪದಲ್ಲಿ ಬ್ಯಾಂಡು, ಗೇಟಿನಲ್ಲಿ ಬೆತ್ತ ಹಿಡಿದ ಪೇದೆ. ಆ ಪೇದೆಯ ಜಾಗದಲ್ಲಿ ತಾವೇ ನಿಂತಂತೆ ಮಾಯಣ್ಣನವರಿಗೆ ಕಾಣುತ್ತಿತ್ತು, ಬೆತ್ತದ ಬದಲು ಸೀಟಿ, ಅಷ್ಟೇ.

ಒಂದು ತಿಂಗಳಾದ ಮೇಲೆ ಧನುಶ್ರೀ ಹಳೆಯ ಕಡತಗಳಿಂದ ಮೂಲ ನಕ್ಷೆ ಹುಡುಕಿ ತಂದರು. ಬಟ್ಟೆಗೆ ಅಂಟಿಸಿದ, ಅಂಚು ಕಂದಿದ ದೊಡ್ಡ ಹಾಳೆ. ಮಂಟಪದಲ್ಲಿ ಬಿಚ್ಚಿ, ಎಲ್ಲರಿಗೂ ಬೆರಳಿಟ್ಟು ತೋರಿಸಿದರು. ಹೊಂಡ ತಾನಾಗಿ ಆದದ್ದಲ್ಲ, ಬೇಕೆಂದೇ ತೋಡಿದ್ದು. ಸುತ್ತಲಿನ ಬೀದಿಯ ಮಳೆನೀರೆಲ್ಲ ಅಲ್ಲಿಗೆ ಇಳಿಯಬೇಕು, ಮುಂಗಾರಿನಿಂದ ದೀಪಾವಳಿಯವರೆಗೆ ನೀರು ನಿಲ್ಲಬೇಕು; ಒಣಗಿದ ಮೇಲೆ ಮುಂದಿನ ಮಳೆಯವರೆಗೆ ಅದೇ ಆಟದ ಬಯಲು. ನಕ್ಷೆಯಲ್ಲಿ ಹಾಗೆಂದೇ ಬರೆದಿತ್ತು. ನಿತೀಶ್ ಅಮರನ ಮುಖ ನೋಡಿದ, ಅಮರ್ ನಿತೀಶನ ಮುಖ ನೋಡಿದ. ಇಬ್ಬರಿಗೂ ಅರ್ಧ ಹೊಟ್ಟೆ, ಆದರೆ ಉಪವಾಸವಿಲ್ಲ. ಗೊಣಗಿಕೊಂಡೇ ಒಪ್ಪಿದರು.

"ಇನ್ನೊಂದಿದೆ ಸರ್," ಎಂದು ಧನುಶ್ರೀ ಮಾಯಣ್ಣನವರ ಕಡೆ ತಿರುಗಿದರು. "ನಕ್ಷೇಲಿ ಪಾರ್ಕಿನ ಸುತ್ತ ಬೇಲಿ ಇಲ್ಲ. ಮೊಣಕಾಲೆತ್ತರದ ಕಲ್ಲುಕಟ್ಟೆ ಇದೆ, ದಾರೀಲಿ ಹೋಗೋರು ಕೂರೋಕೆ ಅಂತ. ಒಳಗೆ ಬರೋಕೆ ನಾಲ್ಕು ಕಡೆ ಜಾಗ ಬಿಟ್ಟಿದ್ದಾರೆ. ಗೇಟು ಎಲ್ಲೂ ಇಲ್ಲ."

ತೋಡಿದ ಹಳ್ಳಕ್ಕೆ ತಾವೇ ಬಿದ್ದ ಮಾಯಣ್ಣನವರು ಮೇಲೇಳಲು ಇನ್ನಷ್ಟು ತೋಡಿದರು. ನಕ್ಷೆ ಬರೆಯುವವರು ಸಾವಿರ ಬರೆಯುತ್ತಾರೆ, ಕಟ್ಟಿದ್ದು ಹಾಗೇ ಎಂದು ಯಾರು ಕಂಡರು ಎಂದು ವಾದಿಸಿದರು. ಕಂಡವರು ಯಾರಾದರೂ ಇದ್ದಾರೆಯೇ ಎಂದು ಧನುಶ್ರೀ ಕೇಳಿದರು. ಮಾಯಣ್ಣನವರಿಗೆ ಅಷ್ಟೇ ಸಾಕಾಯಿತು. ಮಾವಳ್ಳಿಯಲ್ಲಿ ತಮ್ಮ ದೊಡ್ಡಕ್ಕ ಚಿಕ್ಕಮುನಿಯಮ್ಮ ಇದ್ದಾರೆ, ವಯಸ್ಸು ಎಂಬತ್ತರ ಹತ್ತಿರ, ಚಿಕ್ಕಂದಿನಿಂದ ಇದನ್ನು ನೋಡಿದವರು, ನಾಳೆಯೇ ಕರೆತರುತ್ತೇನೆ ಎಂದು ಸವಾಲು ಹಾಕಿದರು. ತಾಯಿ ಬೇಗ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ನಾಲ್ಕು ಜನರ ಮುಂದೆ ತಮ್ಮನ ಮಾತಿಗೆ ಒಂದು ದಿನವೂ ಎದುರಾಡಿದವರಲ್ಲ.

ಮರುದಿನ ಆಟೋದಲ್ಲಿ ಬರುವಾಗ, ಗೇಟಿತ್ತು ಅಂತ ಒಂದು ಮಾತು ಹೇಳಿಬಿಡು ಸಾಕು ಎಂದು ಮಾಯಣ್ಣ ಅಕ್ಕನಿಗೆ ಮೂರು ಸಲ ಪಾಠ ಹೇಳಿಕೊಟ್ಟರು. ಅಕ್ಕ ಮೂರು ಸಲವೂ ಹೂಂ ಎಂದರು. ನಮ್ಮ ಹಳೇ ಹೆಂಗಸರ ಹೂಂ ಅಂದರೆ ಕಿವಿಗೆ ಬಿತ್ತು ಎಂದಷ್ಟೇ ಅರ್ಥ; ಮಾಯಣ್ಣ ಅದನ್ನು ಒಪ್ಪಿಗೆ ಎಂದುಕೊಂಡರು.

ಮಂಟಪದ ಮೆಟ್ಟಿಲ ಮೇಲೆ ಕೂತು ಚಿಕ್ಕಮುನಿಯಮ್ಮ ಸುತ್ತ ಒಮ್ಮೆ ನೋಡಿದರು. ಗೇಟಿತ್ತಲ್ಲವೇನಕ್ಕ ಎಂದು ಮಾಯಣ್ಣ ಎತ್ತಿಕೊಟ್ಟರು.

"ಗೇಟಿದ್ದಿದ್ರೆ ಅಮ್ಮನ್ನ ಯಾರು ಒಳಕ್ಕೆ ಬಿಡ್ತಿದ್ರು ಮಾಯಾ?" ಎಂದರು ಅಕ್ಕ. "ಮಾವಳ್ಳಿ ತೋಟದಿಂದ ಸೊಪ್ಪಿನ ಮಂಕರಿ ತಲೆ ಮೇಲೆ, ನೀನು ಸೊಂಟದ ಮೇಲೆ. ಬೀದಿಬೀದಿ ಕೂಗ್ಕೊಂಡು ಬರೋಳು. ನಾನು ಹಿಂದೆ. ಬಿಸಿಲೇರಿದ್ರೆ ಇಲ್ಲಿಗೇ ಬರ್ತಿದ್ವಿ. ಸುತ್ತ ಕಲ್ಲುಕಟ್ಟೆ ಇತ್ತಲ್ಲ, ಅದರ ಮೇಲೆ ಕೂತ್ಕೊಂಡು ನಿಂಗೆ ಹಾಲು ಕುಡಿಸ್ತಿದ್ಲು. ಪೇಟ ಸುತ್ತಿದ ದೊಡ್ಡೋರೂ ಅಲ್ಲೇ ಕೂತಿರೋರು. ಆ ಕಡೆ ಮುಖ ತಿರುಗಿಸ್ಕೊಳ್ಳೋರು, ಅಷ್ಟೇ. ಏಳು ಅಂತ ಒಬ್ರೂ ಅನ್ಲಿಲ್ಲ."

ಮುದುಕಿ ಕಮಾನಿನ ಹಿತ್ತಾಳೆ ಅಕ್ಷರದ ಕಡೆ ಕೈ ತೋರಿಸಿ, ಅದೇನು ಬರೆದಿದೆ ಎಂದು ಧನುಶ್ರೀಯನ್ನು ಕೇಳಿ ತಿಳಿದುಕೊಂಡರು. ಆಮೇಲೆ ತಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮೋರಿಯ ಹುಳ ನೋಡುವ ಹಾಗಿತ್ತು ಆ ನೋಟ.

"ಅಪ್ಪನ ಹೆಸರು ಅಷ್ಟೆತ್ತರಕ್ಕೆ ಹಾಕ್ಸಿದೀಯ. ಅಪ್ಪ ಮೈಮೇಲೆ ಅಂಗಿ ಹಾಕಿದ್ದು ನಾನು ನೋಡೇ ಇಲ್ಲ. ಇವತ್ತು ಬಂದಿದ್ರೆ ಅವನಿಗೂ ಸೀಟಿ ಊದ್ತಿದ್ದೆ ನೀನು."

ಅಷ್ಟು ಹೇಳಿ, ಮನೆಗೆ ಬಿಟ್ಟುಬರಲು ಯಾರಾದರೂ ಬನ್ನಿ ಎಂದು ಎದ್ದರು. ತಮ್ಮನ ಕೈ ಹಿಡಿಯಲಿಲ್ಲ. ನಿತೀಶ್ ಆಟೋ ಹತ್ತಿಸಿಕೊಂಡು ಹೋದ.

ಧನುಶ್ರೀ ಗೆದ್ದವರಂತೆ ಮೆರೆಯಲಿಲ್ಲ. ಗೇಟು, ಬೇಲಿ ದಾನವಾಗಿ ಬಂದವು, ತೆಗೆಯಬೇಕಾದರೆ ದಾನಿಯ ಒಪ್ಪಿಗೆ ಪತ್ರ ಬೇಕು, ಕೊಡದಿದ್ದರೆ ಕೋರ್ಟು ಕಚೇರಿ ಎಂದು ವರ್ಷಗಟ್ಟಲೆ ಎಳೆಯುತ್ತದೆ ಎಂದು ತಿಳಿಸಿದರು. ಎಳೆಯಲಿ ಎಂದು ಮಾಯಣ್ಣ ಹೊರಟುಬಂದರು. ಮನೆಯಲ್ಲಿ ಊಟದ ತಟ್ಟೆ ತಳ್ಳಿದರು. ಅಕ್ಕನಿಗೆ ಅರಳುಮರಳು, ಅಧಿಕಾರಿಗೆ ಕೊಬ್ಬು, ಊರಿಗೆಲ್ಲ ತಮ್ಮ ಮೇಲೆ ಹೊಟ್ಟೆಕಿಚ್ಚು ಎಂದು ಹೆಂಡತಿಗೆ ಹೇಳಿದರು. ಆಕೆ ಕೇಳಿಸಿಕೊಂಡು ಟಿವಿಯ ಸದ್ದು ಏರಿಸಿದರು.

ಮಾರನೆಯ ಬೆಳಿಗ್ಗೆ ಹಟ ಹಿಡಿದು ಎಂದಿನಂತೆ ಸೀಟಿ ಊದಿ ಗೇಟೆಳೆದರು. ರಸ್ತೆ ಗುಡಿಸುವ ಹೆಂಗಸು ಬಂದಳು, ಮುಚ್ಚುತ್ತಿದ್ದ ಗೇಟು ನೋಡಿದಳು, ತಿರುಗಿದಳು. ಇಷ್ಟು ದಿನ ಕಣ್ಣಿಗೆ ಬೀಳದ ಬೆನ್ನು ಇವತ್ತೇಕೋ ಬಿತ್ತು.

"ದಿನಾ ಬಾಗ್ಲು ಹಾಕೋ ಹೊತ್ತಿಗೇ ಬರ್ತೀಯಲ್ಲ, ಮುಂಚೆ ಬರೋಕೇನು?" ಎಂದು ಗದರಿದರು.

"ಮೇಸ್ತ್ರಿ ನಮ್ಮನ್ನ ತಿಂಡಿಗೆ ಬಿಡೋದೇ ಹತ್ತಕ್ಕೆ ಸಾರ್. ಅದಕ್ಕಿಂತ ಮುಂಚೆ ಬಂದ್ರೆ ಹಾಜರಿ ಹೋಗುತ್ತೆ."

"ಮತ್ತೆ ಬಾತ್‌ರೂಮಿಗೆ ಗೀತ್‌ರೂಮಿಗೆ?"

"ಎರಡೂವರೆಗೆ ಮನೆಗೆ ಹೋದ್ಮೇಲೆ. ಬೆಳಿಗ್ಗೆ ಐದು ಗಂಟೆಯಿಂದ ನೀರು ಕುಡಿಯಲ್ಲ ಸಾರ್. ಹಂಗಾಗಿ ಬರಲ್ಲ." ಸೊಪ್ಪಿನ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳಿದಳು. "ಕಿಡ್ನೀಲಿ ಕಲ್ಲಿದೆ ಅಂತ ಡಾಕ್ಟ್ರು ಬೈತಾರೆ. ಏನ್ಮಾಡೋದು."

"ಎಷ್ಟು ದಿನದಿಂದ ಹಿಂಗೆ?"

ಅವಳು ಗೇಟಿನ ಕಡೆ ನೋಡಿದಳು. "ಇದು ಬಂದಾಗಿಂದ."

ಮಾಯಣ್ಣನವರ ಬಳಿ ಲೋಕದ ಪ್ರತಿಯೊಬ್ಬರಿಗೂ ಒಂದೊಂದು ಬೈಗುಳ ಸಿದ್ಧವಿತ್ತು. ಈ ಹೆಂಗಸಿಗೊಂದು ಹುಡುಕಿದರು, ಸಿಗಲಿಲ್ಲ. ಬಿಸಿಲಿನಲ್ಲಿ ಬೀದಿ ಅಲೆದು ಬಂದು, ಕಂಕುಳಲ್ಲಿ ಕೂಸಿಟ್ಟುಕೊಂಡು, ಈ ಕಬ್ಬಿಣದ ಮೊನೆಗಳ ಹೊರಗೆ ನಿಂತ ಇನ್ನೊಬ್ಬಳು ಸುಮ್ಮನೆ ಕಣ್ಣ ಮುಂದೆ ಬಂದಳು. ಥೂ ಎನ್ನಿಸಿತು, ತಮ್ಮ ಮೇಲೆಯೇ. ಇಷ್ಟು ವರ್ಷ ಊರವರ ಮೇಲೆಲ್ಲ ಉಗಿದದ್ದು ಒಟ್ಟಾಗಿ ತಮ್ಮ ಮುಖಕ್ಕೇ ಬಿದ್ದಂತಾಯಿತು. ಹೆಸರೇನು ಎಂದು ಕೇಳಿದರು. ಕಂಪ್ಲೇಂಟ್ ಕೊಡಲು ಕೇಳುತ್ತಿದ್ದಾರೆಂದು ಅವಳು ಹೆದರಿ, ತಡೆದು, ಸಿದ್ದಮ್ಮ ಎಂದಳು.

ಅದೇ ದಿನ ಮಾಯಣ್ಣ ಧನುಶ್ರೀಯ ಕಚೇರಿಗೆ ಹೋಗಿ ಒಪ್ಪಿಗೆ ಪತ್ರ ಬರೆದುಕೊಟ್ಟರು. ಸಹಿ ಈ ಸಲ ಚಿಕ್ಕದಾಗಿತ್ತು. ಸಂಘದಲ್ಲಿ ಹಾಹಾಕಾರವಾಯಿತು. ಕಾರ್ಯದರ್ಶಿ ಮಧುಸೂದನ್ ಮನೆಗೇ ಬಂದು, ಇನ್ನು ಬೀದಿಯವರೆಲ್ಲ ಬಂದು ಬೀಳುತ್ತಾರೆ, ನಮ್ಮ ಮಾನ ಮರ್ಯಾದೆ ಏನಾಗಬೇಕು ಎಂದು ಕೂಗಾಡಿದರು.

"ಬರ್ಲಿ ಬಿಡಿ," ಎಂದರು ಮಾಯಣ್ಣ. "ನಮ್ಮನೆಯವರೂ ಬೀದಿಯಿಂದ್ಲೇ ಒಳಗೆ ಬಂದಿದ್ದು."

ಎರಡು ವಾರದ ಮೇಲೆ ಕೆಲಸದವರು ಬಂದು ಕಬ್ಬಿಣ ಕೊಯ್ದರು. ಮಧ್ಯಾಹ್ನದ ಹೊತ್ತಿಗೆ ಕಮಾನೂ ಇಳಿಯಿತು, ಲಾರಿಯೂ ಹೋಯಿತು. ಗೇಟಿದ್ದ ಕಡೆ ನೆಲದಲ್ಲಿ ಎರಡು ಗುಂಡಿ ಉಳಿದಿದ್ದವು.

ಮರುದಿನ ಹತ್ತು ದಾಟಿತ್ತು. ಪಾರ್ಕು ತೆರೆದುಕೊಂಡಿತ್ತು. ಸಿದ್ದಮ್ಮ ಡಬ್ಬಿ ಹಿಡಿದು ಬಂದವರು ಆ ಎರಡು ಗುಂಡಿಯ ಈಚೆಗೇ ಗಕ್ಕನೆ ನಿಂತರು. ಎದುರಿಗೆ ಅಡ್ಡಿ ಏನೂ ಇಲ್ಲ, ಹತ್ತು ಹೆಜ್ಜೆಯಾಚೆ ನಲ್ಲಿ ಕಾಣುತ್ತಿದೆ, ಆದರೂ ಕಾಲು ಏಳಲೊಲ್ಲದು. ಅತ್ತಿತ್ತ ನೋಡಿ, ಮರದ ಕೆಳಗೆ ನಿಂತಿದ್ದ ಮಾಯಣ್ಣನವರನ್ನು ಕಂಡು ಕೇಳಿದರು:

"ಒಳಗೆ ಹೋಗ್ಲಾ ಸಾರ್?"

ಮಾಯಣ್ಣನವರಿಗೆ ತಲೆ ಎತ್ತಲಾಗಲಿಲ್ಲ.

"ನನ್ನನ್ನ ಕೇಳ್ಬೇಡಿ ಸಿದ್ದಮ್ಮ," ಎಂದರು. "ಕೈಮುಗೀತೀನಿ, ನನ್ನನ್ನ ಕೇಳ್ಬೇಡಿ."

ಸಿದ್ದಮ್ಮ ಇನ್ನೂ ಸ್ವಲ್ಪ ಹೊತ್ತು ಅನುಮಾನಿಸಿದರು. ಆಮೇಲೆ ಒಳಗೆ ಹೋದರು.