ನಾಲೆ ಸೇತುವೆಯಿಂದ ಊರಿನವರೆಗೆ

ನಾಲೆ ಸೇತುವೆ ಬಂದ ಕೂಡಲೇ ಸಹನ ಸ್ಕೂಟರ್ ನಿಲ್ಲಿಸಿ ಇಳಿಯಬೇಕು, ಹಿಂದೆ ಕೂತ ಗಂಡ ಧರ್ಮೇಂದ್ರ ಮುಂದೆ ಬಂದು ಹ್ಯಾಂಡಲ್ ಹಿಡಿಯಬೇಕು. ಎಂಟು ತಿಂಗಳಿಂದ ದಿನಾ ಸಂಜೆ ಇದೇ ಕುಣಿತ, ಬೆಳಿಗ್ಗೆ ಇದರ ತಿರುಗಾಮುರುಗಾ. ಅಲ್ಲಿಂದ ಊರಿಗೆ ಒಂದೇ ಒಂದು ಕಿಲೋಮೀಟರು. ಎಡಕ್ಕೆ ತುಂಬಿ ಹರಿಯುವ ನಾಲೆ, ತಡೆಗೋಡೆ ಹೆಸರಿಗೂ ಇಲ್ಲ.

ಧರ್ಮೇಂದ್ರನಿಗೆ ಮೂರ್ಛೆರೋಗ. ಗಾಡಿ ಮುಟ್ಟಲೇಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಸಹನ ಹದಿನೈದೇ ದಿನದಲ್ಲಿ ಸ್ಕೂಟರ್ ಕಲಿತಳು. ಕೆ.ಆರ್. ಪೇಟೆಯಲ್ಲಿ ಮಗಳು ಅರ್ಚನಳನ್ನು ಶಾಲೆಗೆ, ಗಂಡನನ್ನು ಅವನು ಕೆಲಸ ಮಾಡುವ ಗೊಬ್ಬರದಂಗಡಿಗೆ ಬಿಟ್ಟು, ತಾನು ಜೆರಾಕ್ಸ್ ಅಂಗಡಿಗೆ ಹೋಗುವಳು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಅತ್ತೆ ಬೆಟ್ಟಮ್ಮ ಅಡ್ಡ ನಿಂತರು.

“ಗಂಡ್ಸಾಗಿ ಎಂಡ್ತಿ ಇಂದೆ ಕೂತ್ಕಂಡು ಊರೊಳಕ್ಕೆ ಬಂದ್ರೆ ಅರಳಿಕಟ್ಟೆ ಮೇಲಿರೋರು ನಗಾಕಿಲ್ವಾ? ಸೇತ್ವೆ ತಾವ ಬದ್ಲಾಯಿಸ್ಕಳಿ.”

ಧರ್ಮೇಂದ್ರ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಬಿದ್ದು ಅತ್ತರೆ ‘ನೀನೇನು ಎಣ್ಣಾ?’ ಅಂತ ಹೀಯಾಳಿಸಿಕೊಂಡು ಬೆಳೆದವನು. ರೋಗಕ್ಕಿಂತ ಆ ಮಾತಿಗೇ ಅವನಿಗೆ ಹೆಚ್ಚು ಭಯ. ಸಹನಳೂ ಒಪ್ಪಿದಳಲ್ಲ, ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಸಿಟ್ಟು. ಆ ಒಂದು ಕಿಲೋಮೀಟರು ಜೀವ ಕೈಯಲ್ಲಿ ಹಿಡಿದು ಕೂರುವಳು. ಮುಂದೆ ನಿಂತ ಐದು ವರ್ಷದ ಅರ್ಚನ ಹಾಡು ಹೇಳುತ್ತಿದ್ದರೆ ಅಮ್ಮನ ಕಣ್ಣೆಲ್ಲ ಗಂಡನ ಎಡಗೈ ಬೆರಳುಗಳ ಮೇಲೆ. ಮೂರ್ಛೆಗೆ ಮುಂಚೆ ಅದುರುವುದು ಅವೇ.

ಆ ಶುಕ್ರವಾರ ಅದುರಿದವು.

“ರೀ, ನಿಲ್ಸಿ!” ಸಹನ ಕಿರುಚಿದಳು.

“ಸುಮ್ಕಿರಮ್ಮಿ, ಕಟ್ಟೇಲಿ ಜನ ಕುಂತವ್ರೆ. ಮನೆ ಬಂದೇಬುಡ್ತು.”

ಮನೆ ಎಲ್ಲಿ ಬಂತು, ಕರ್ಮ! ಗಾಡಿ ನಾಲೆಯ ಕಡೆಗೆ ಎಳೆಯಿತು. ಸಹನ ಹಿಂದಿನಿಂದಲೇ ಕೈಚಾಚಿ ಬ್ರೇಕ್ ಅದುಮಿ, ಮೈಭಾರವನ್ನೆಲ್ಲ ಬಲಕ್ಕೆ ಹಾಕಿದಳು. ಮೂವರೂ ಗದ್ದೆಯ ಬದುವಿನ ಮೇಲೆ ಬಿದ್ದರು. ಅರ್ಚನಳ ಗಲ್ಲ ಒಡೆದು ಯೂನಿಫಾರ್ಮ್ ತುಂಬ ರಕ್ತ. ಪಕ್ಕದಲ್ಲಿ ಧರ್ಮೇಂದ್ರ ಹಲ್ಲು ಕಚ್ಚಿ ಒದ್ದಾಡುತ್ತಿದ್ದ. ಸಹನ ಒಂದು ಕೈಯಲ್ಲಿ ಮಗಳ ಗಲ್ಲಕ್ಕೆ ವೇಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವನನ್ನು ಮಗ್ಗುಲಿಗೆ ಹೊರಳಿಸಿದಳು.

ಕಟ್ಟೆಯ ಮೇಲಿದ್ದವರು ಎದ್ದುಬಿದ್ದು ಓಡಿಬಂದರು. ಒಬ್ಬನೂ ನಗಲಿಲ್ಲ. ಯಾರೋ ಆಟೋ ತರಲು ಓಡಿದರು. ಹಿರಿಯ ಮರಿಯಯ್ಯ ಮಗುವನ್ನು ಎತ್ತಿಕೊಂಡು ಸಹನಳನ್ನು ಗದರಿದ.

“ಎಂಥ ಕೆಲ್ಸ ಮಾಡ್ಕಂಡ್ರವ್ವ! ಚೆಂದಾಗಿ ಓಡಿಸ್ಕಂಡ್ ಬರ್ತಿದ್ದೋಳು ನೀನು, ದಿನಾ ಸೇತ್ವೆ ತಾವ ಇವ್ನ ಕೈಗ್ಯಾಕ್ ಕೊಡ್ತಿದ್ದೆ?”

ಸಹನ ಕಕ್ಕಾಬಿಕ್ಕಿಯಾದಳು. “ನಾನ್ ಓಡ್ಸೋದು ನಿಮ್ಗೆಂಗ್ ಗೊತ್ತು ಮಾವ?”

“ಊರ್ಗೆಲ್ಲ ಗೊತ್ತು. ದಿನಾ ಪೇಟೆ ಬಸ್ಸಲ್ಲಿ ಬರೋರು ಕುಲ್ಡ್ರಾ? ಮೊದ್ಲು ಒಂದ್ ವಾರ ನಕ್ಕಂಡೊ, ದಿಟ. ಆಮೇಕೆ ಮರ್ತ್‌ಬುಟ್ಟೊ ಕಣವ್ವ.”

ಒಂದು ವಾರ! ಎಂಟು ತಿಂಗಳು ನಾಲೆಯ ಅಂಚಿನಲ್ಲಿ ಮಗಳನ್ನು ನಿಲ್ಲಿಸಿಕೊಂಡು ಬಂದದ್ದು ಒಂದು ವಾರದ ನಗೆಗೆ ಹೆದರಿ.

ಅಷ್ಟರಲ್ಲಿ ಬೆಟ್ಟಮ್ಮ ಬರಿಗಾಲಲ್ಲಿ ಓಡೋಡಿ ಬಂದರು. ಬಿದ್ದ ಮಗನನ್ನು, ಸ್ಕೂಟರನ್ನು ನೋಡಿದವರೇ ಎದೆ ಬಡಿದುಕೊಂಡರು. “ಅಯ್ಯೋ ಪಾಪಿ, ಗಾಡಿ ಓಡಿಸ್ತಿದ್ದೋಳು ನೀನೇನಾ? ಎಣ್ಣೆಂಗ್ಸುಗೆ ಯಾಕ್ ಬೇಕಿತ್ತು ಇದು?”

ಯಾವತ್ತೂ ಎದುರಾಡದ ಸಹನ ತಲೆಯೆತ್ತಿದಳು.

“ನಾನಲ್ಲ ಅತ್ತೆ. ನಿಮ್ ಮಗ್ನೇ, ನೀವ್ ಏಳ್ಕೊಟ್ಟಂಗೆ, ಗಂಡ್ಸಾಗಿ ಓಡಿಸ್ಕಂಡ್ ಬಂದ್ರು.”

ಬೆಟ್ಟಮ್ಮ ಆಗ ಮೊಮ್ಮಗಳ ಗಲ್ಲ ನೋಡಿದರು. ಬದುವಿನ ಮೇಲೇ ಕುಸಿದು ಕೂತರು.