ಜೀಪಿನ ಸ್ವರ

ಕ್ಯಾನ್ಸರ್ ಬಂದು ಅಪ್ಪನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಕಡಬದ ಸುತ್ತಮುತ್ತ ಜೀಪಿಗೆ ಮೈಕು ಕಟ್ಟಿ ಯಕ್ಷಗಾನದ ಆಟ, ನಾಟಕ, ಸತ್ತವರ ಸುದ್ದಿ ಎಲ್ಲವನ್ನೂ ಸಾರಿದ ಅಪ್ಪ ಊರವರಿಗೆ ತ್ಯಾಂಪಣ್ಣ; ತ್ಯಾಂಪಣ್ಣ ಅಂದರೆ ಅವನ ಸ್ವರವೇ. ಈಗ ಕುತ್ತಿಗೆಗೆ ಒಂದು ಬ್ಯಾಟರಿ ಯಂತ್ರ ಒತ್ತಿ ಹಿಡಿದು ಬಾಯಿ ಆಡಿಸಿದರೆ, ಏರಿಳಿತವಿಲ್ಲದ, ಜುಂಯ್ ಎನ್ನುವ ಮಾತು ಹೊರಡುತ್ತಿತ್ತು. ಅಮ್ಮ ಸೀತು ಅದಕ್ಕೆ ಓಗೊಟ್ಟವಳೇ ಅಲ್ಲ. "ಅದರಲ್ಲಿ ನನ್ನನ್ನು ಕರೀಬೇಡಿ, ಹೆದರಿಕೆ ಆಗ್ತದೆ" ಎಂದು ಹೇಳಿಬಿಟ್ಟಿದ್ದಳು.

ಆ ಅಮ್ಮ ಜ್ವರದಲ್ಲಿ ಸತ್ತಳು. ಉತ್ತರಕ್ರಿಯೆಯ ಬೊಜ್ಜದ ದಿನ ಒಳಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಉಣ್ಣಲು ಕರೆದು, ಬಾಗಿಲು ಮುಚ್ಚಿ ಕಾಯುವುದು ನಮ್ಮ ಕ್ರಮ. ಕರೆಯಬೇಕಾದವನು ಅಪ್ಪ. ಯಂತ್ರದಲ್ಲಿ ಕರೆದರೆ ಅವಳು ಬರುವುದಿಲ್ಲ ಎಂದು ಅವನು ಹಿಂದಿನ ದಿನದಿಂದಲೇ ಅನ್ನ ಮುಟ್ಟಿರಲಿಲ್ಲ. ಮಗನೇ ಕರೆಯಲಿ ಎಂದು ಸೋದರಮಾವ ಜತ್ತಪ್ಪ ಹೇಳಿದರೂ ಒಪ್ಪಲಿಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಸಿಂಥಸೈಜರಿನ ಸ್ವರವೂ ಅಪ್ಪನ ಯಂತ್ರದ ಹಾಗೇ ಸಪ್ಪೆ. ಅದನ್ನು ಅಪ್ಪನ ಜೀಪಿನ ಹಳೆಯ ಆಂಪ್ಲಿಫೈಯರಿಗೆ ಕೊಟ್ಟು, ಅದಕ್ಕೆ ತಡೆಯಲಾಗದಷ್ಟು ವಾಲ್ಯೂಮಿನ ಗುಂಡಿ ತಿರುಗಿಸಿದರೆ ಸ್ವರ ಒಡೆಯುತ್ತದೆ. ಒಡೆದ ಮೇಲೆ ಅದಕ್ಕೊಂದು ಗಂಟಲು ಬರುತ್ತದೆ. ಈ ವಿದ್ಯೆಗಾಗಿಯೇ ಪುತ್ತೂರು, ಸುಳ್ಯದ ತಂಡದವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಜಂಬಕ್ಕೇನೂ ಕಡಿಮೆ ಇರಲಿಲ್ಲ. ಸಿಂಥಸೈಜರಿಗೆ ಆದದ್ದು ಅಪ್ಪನಿಗೆ ಯಾಕಾಗಬಾರದು ಎನಿಸಿತು.

ಅಂದು ಒಳಕೋಣೆಯಲ್ಲಿ ಎಲೆಯ ಪಕ್ಕ ಮೈಕು ಇಟ್ಟೆ. ಧ್ವನಿವರ್ಧಕದ ಹಾರನ್ನನ್ನೂ ಆಂಪ್ಲಿಫೈಯರನ್ನೂ ಜಗಲಿಯಲ್ಲಿಟ್ಟು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಪರೀಕ್ಷೆಗೆಂದು ಅಪ್ಪ ಯಂತ್ರ ಒತ್ತಿ, ಹಿಂದೆ ಸಾರುತ್ತಿದ್ದ ಹಾಗೆ "ಮಹನೀಯರೇ" ಎಂದ. ಅಂಗಳದಲ್ಲಿ ತರಕಾರಿ ಹೆಚ್ಚುತ್ತಿದ್ದವರ ಕೈ ನಿಂತಿತು. ಅದೇ ಕೆರಕಲು, ಅದೇ ಗತ್ತು. ಜತ್ತಪ್ಪ ಮಾವ ಹೆಗಲ ಬೈರಾಸಿನಲ್ಲಿ ಕಣ್ಣೊರೆಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ.

ಬಡಿಸಿ ಆಯಿತು. "ಸೀತೂ" ಎಂದು ಕರೆದ ಅಪ್ಪ ಅಲ್ಲಿಗೇ ನಿಂತುಬಿಟ್ಟ. ಮೆಲ್ಲಗೆ ನನ್ನ ಕಡೆ ತಿರುಗಿದ. ಅವನು ಆಡಿದ್ದು ಹಾರನ್ನಿನಲ್ಲಿ ಇಡೀ ಅಂಗಳಕ್ಕೆ ಕೇಳಿತು.

"ಇದು ಜೀಪಿನ ಸ್ವರ ಮಾರಾಯ. ಮನೆಯೊಳಗೆ ಅವಳನ್ನು ನಾನು ಹೀಗೆ ಕರೆದದ್ದು ಉಂಟಾ?"

ಇರಲಿಲ್ಲ. ದಿನವಿಡೀ ಕೂಗಿ ಬಂದವನು ಮನೆಯಲ್ಲಿ ಪಿಸುಗುಡುತ್ತಿದ್ದ. ಆ ಪಿಸುಮಾತು ಅಮ್ಮನಿಗೆ ಮಾತ್ರ ಕೇಳುತ್ತಿತ್ತು. ಗುಂಡಿ ಇಳಿಸಿ ಮತ್ತೆ ಕರೆಸಿ ನೋಡಿದೆ, ಬಂದದ್ದು ಬರೀ ಜುಂಯ್. ಮತ್ತೆ ಏರಿಸಿದೆ, ಊರಿನವರ ತ್ಯಾಂಪಣ್ಣನೇ ಬಂದ. ಅವಳ ಗಂಡನ ಸ್ವರ ಹೇಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ವಿದ್ಯೆಯ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಅಪ್ಪ ಯಂತ್ರ ಕೆಳಗಿಟ್ಟು ಎಲೆಯ ಕಡೆ ಬಾಗಿದ. ತುಟಿ ಅಲುಗಿತು, ಸದ್ದೇನೂ ಬರಲಿಲ್ಲ. ಮಾವ ಅವನನ್ನು ಎಬ್ಬಿಸಿ ಹೊರಗೆ ತಂದು ಬಾಗಿಲು ಮುಚ್ಚಿದರು.

ಮೈಕು ಒಳಗೇ ಉಳಿದಿತ್ತು, ಆಂಪ್ಲಿಫೈಯರಿನ ದೀಪ ಉರಿಯುತ್ತಲೇ ಇತ್ತು. ಮುಚ್ಚಿದ ಕೋಣೆಯ ಮೌನ ಹಾರನ್ನಿನಲ್ಲಿ ಗುಂಯ್ಗುಡುತ್ತಿತ್ತು. ಅಪ್ಪ ಅದರ ಮುಂದೆ ಹೋಗಿ ಕಿವಿಗೊಟ್ಟು ನಿಂತ. ಅವಳು ಉಣ್ಣಲು ಬಂದಳು ಎನ್ನುವುದಕ್ಕೆ ಎಲೆ ಸರಿದ ಸದ್ದಾದರೂ ಕೇಳಬೇಕಿತ್ತು ಅವನಿಗೆ. ಕೇಳಲಿಲ್ಲ. ಬಾಗಿಲು ತೆರೆಯುವ ಹೊತ್ತಾದರೂ ಅವನು ಕದಲಲಿಲ್ಲ, ಆಂಪ್ಲಿಫೈಯರನ್ನು ಆರಿಸಲು ನನ್ನ ಕೈಯೂ ಏಳಲಿಲ್ಲ.