ಒಳಕೋಣೆಯ ಕೆಮ್ಮು

ಬೀಗ ರಿಪೇರಿಯವನ ಹೆಂಡತಿಗೆ ಉಸಿರಾಟದ ನಳಿಗೆ ಹಾಕಿದ ಮೇಲೆ, ಡಾಕ್ಟರಮ್ಮ ಐಸಿಯು ಬಾಗಿಲಲ್ಲೇ ಅವನನ್ನು ನಿಲ್ಲಿಸಿಕೊಂಡರು.

"ನ್ಯುಮೋನಿಯಾ ಅಂತ ಗೊತ್ತು, ಯಾವುದರಿಂದ ಬಂತು ಅಂತ ಗೊತ್ತಾಗ್ತಿಲ್ಲ. ಕೊಡ್ತಿರೋ ಔಷಧಿ ನಾಟ್ತಿಲ್ಲ. ಮನೇಲಿ ಬೇರೆ ಯಾರಿಗಾದ್ರೂ ಜ್ವರ ಇತ್ತಾ? ನೀರಿನ ಟ್ಯಾಂಕ್ ತೊಳೆಸಿದ್ರಾ? ಕೋಳಿ, ಪಾರಿವಾಳ, ಗಿಣಿ ಏನಾದ್ರೂ ಸಾಕಿದೀರಾ?"

"ಏನೂ ಇಲ್ಲ ಮೇಡಂ. ನಮ್ಮನೇಲಿ ನಾವಿಬ್ರೇ."

ಪಕ್ಕದಲ್ಲಿದ್ದ ಹೆಂಡತಿಯ ತಂಗಿ, ಬಸ್ ಕಂಡಕ್ಟರ್, ಅದನ್ನೇ ನಂಬಿದಳು. ಭಾವನೊಂದಿಗೆ ಜಗಳವಾಡಿ ಅವಳು ಆ ಮನೆಯ ಕಡೆ ತಲೆಹಾಕದೆ ವರ್ಷವಾಗಿತ್ತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಆ ಜಗಳದ ನಂತರ ತಂದ ಬೂದು ಗಿಣಿಯೊಂದು ಅಲ್ಲಿತ್ತು. ಬೀಗ ತಂದವರನ್ನೆಲ್ಲ "ಕಳ್ಳ, ಕಳ್ಳ" ಎಂದು ಕೂಗಿ ನಗಿಸುತ್ತಿತ್ತು. ಅದೆಂದರೆ ಅವನಿಗೆ ಪ್ರಾಣ. ಈಚೆಗೆ ಅದು ಗರಿ ಕೆದರಿಕೊಂಡು ಮಂಕಾಗಿತ್ತು, ನೀರುನೀರಾಗಿ ಹಿಕ್ಕೆ ಹಾಕುತ್ತಿತ್ತು. ಒಣಗಿದ ಹಿಕ್ಕೆ ಕೆರೆದು, ಆ ಧೂಳನ್ನೆಲ್ಲ ಕುಡಿದು ಪಂಜರ ತೊಳೆಯುತ್ತಿದ್ದವಳು ಹೆಂಡತಿ. ಬಾಯಿಬಿಟ್ಟರೆ ಗಿಣಿಯನ್ನು ಎತ್ತಿಕೊಂಡು ಹೋಗಿ ಕೊಲ್ಲುತ್ತಾರೆಂದು ಹೆದರಿದ ಅವನು, ಆಸ್ಪತ್ರೆಯಿಂದ ಬಂದವನೇ ಪಂಜರವನ್ನು ಒಳಕೋಣೆಗೆ ಸಾಗಿಸಿ ಬೀಗ ಜಡಿದ.

ಮರುದಿನ ರೋಗಿಯ ಮೂತ್ರಪಿಂಡವೂ ಕೈಕೊಟ್ಟಿತು. ಸ್ನಾನಕ್ಕೆಂದು ಅಕ್ಕನ ಮನೆಗೆ ಬಂದ ತಂಗಿ ಹಜಾರದಲ್ಲೇ ನಿಂತುಬಿಟ್ಟಳು. ಒಳಗಿನಿಂದ ಕೆಮ್ಮು. ಅಕ್ಕನದೇ ಕೆಮ್ಮು, ಕೊನೆಗೊಂದು "ಅಮ್ಮಾ" ಎಂಬ ನರಳಿಕೆ.

"ಭಾವಾ, ಒಳಗ್ಯಾರು?"

"ಯಾರೂ ಇಲ್ಲ. ನಿದ್ದೆಗೆಟ್ಟು ಏನೇನೋ ಕೇಳಿಸ್ತಿದೆ ನಿಂಗೆ."

ಮತ್ತೆ ಕೆಮ್ಮು. ಹಿಂದೆಯೇ, "ಕಳ್ಳ, ಕಳ್ಳ!"

ಅವನದೇ ಸುತ್ತಿಗೆ ಎತ್ತಿಕೊಂಡು ಅವಳು ಬೀಗ ಒಡೆದಳು. ಗಿಣಿ ಅವಳನ್ನು ನೋಡಿ ಇನ್ನೊಮ್ಮೆ ಅಕ್ಕನಂತೆ ಕೆಮ್ಮಿತು. ಅವಳು ನಿಂತಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಗಿಣಿಯ ವಿಷಯ ಹೇಳಿದಳು. "ಹಕ್ಕಿಯಿಂದಲೇ ಇರಬೇಕು. ಈಗಲೇ ಔಷಧಿ ಬದಲಾಯಿಸ್ತೀನಿ. ನೀವು ಆ ಕೋಣೆಯಿಂದ ಹೊರಗೆ ಬನ್ನಿ," ಎಂದರು ಅವರು.

"ಅಕ್ಕ ಸಾಯ್ತಿದ್ರೂ ಬಾಯಿ ಬಿಡಲಿಲ್ವಲ್ಲ ನೀವು!"

"ಅವಳನ್ನ ನೋಡ್ಕೊಳ್ಳೋಕೆ ಅಷ್ಟು ಜನ ಡಾಕ್ಟರಿದಾರೆ," ಎಂದ ಅವನು, ಪಂಜರ ತಬ್ಬಿಕೊಂಡು. "ಇದಕ್ಕೆ ಯಾರಿದಾರೆ?"

ಗಿಣಿ ಬದುಕಲಿಲ್ಲ. ಹೆಂಡತಿ ಬದುಕಿದಳು, ಅರ್ಧ ಉಸಿರಿನಲ್ಲಿ. ಅವಳು ಮನೆಗೆ ಬಂದ ಸಂಜೆ ಅವನು ಊಟ ಮುಗಿಸಿ ಕೈ ತೊಳೆಯುತ್ತ ಹೇಳಿದ: "ನಿನ್ನ ತಂಗಿ ಬೀಗ ಒಡೆದ ದಿನವೇ ಅದು ಹೆದರಿ ಅರ್ಧ ಸತ್ತಿತ್ತು. ಹೋಗ್ಲಿ ಬಿಡು. ಇನ್ನೊಂದು ನೋಡಿಟ್ಟಿದೀನಿ. ನಾಳೆ ಪಂಜರ ತೊಳೆದಿಡು."

ಬೈಯಲು ಅವಳಿಗೆ ಉಸಿರು ಸಾಲಲಿಲ್ಲ. ಬೆಳಿಗ್ಗೆ ತಂಗಿಯ ಬಸ್ಸು ಬರುವ ಹೊತ್ತಿಗೆ ಚಪ್ಪಲಿ ಮೆಟ್ಟಿ, ಗೋಡೆ ಹಿಡಿದುಕೊಂಡು, ಬೀದಿಯ ಒಂದೊಂದು ಅಂಗಡಿಯ ಮುಂದೂ ನಿಂತು ಸುಧಾರಿಸಿಕೊಂಡು ನಡೆದಳು.

"ಪಂಜರ ಹಾಗೇ ಬಿಟ್ಟು ಎಲ್ಲಿಗೆ ಹೊರಟೆ?" ಎಂದು ಅವನು ಬಾಗಿಲಿನಿಂದ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತಾಗ ತಂಗಿ ಕೆಳಗಿಳಿದು ಬಂದು, ಮಗುವಿನಂತೆ ಎತ್ತಿ ಕೂರಿಸಿದಳು.